ಉದ್ಯಮಶೀಲತೆಯ ಕಲಿಕೆ: ಬೀದರ ಸೀಮೆಯನ್ನು ಕುರಿತ ಒಂದು ವಿವೇಚನೆ

ಉದ್ಯಮಶೀಲತೆಯನ್ನು ವಿಶ್ವವಿದ್ಯಾನಿಲಯದಲ್ಲಿ ಕಲಿಸಬಹುದೆ ಎಂಬ ಪ್ರಶ್ನೆ ನಮ್ಮ ಕಾಲೇಜುಗಳಲ್ಲಿ ಈಗ ಹೊಸದಾಗಿ ಉಳಿದಿಲ್ಲ. ಕಲಿಸಬಹುದೆಂದೇ ಒಪ್ಪಿ ಪಠ್ಯಪಟ್ಟಿಗಳು ರಚಿತವಾಗಿವೆ, ಪ್ರಶ್ನಪತ್ರಿಕೆಗಳು ಸಿದ್ಧವಾಗುತ್ತಿವೆ, ಅಂಕಗಳೂ ದೊರೆಯುತ್ತಿವೆ. ಆದರೆ ಇದರಲ್ಲಿ ಪಾಠದಿಂದ ಬರುವ ಭಾಗ ಯಾವುದು, ಪಾಠದಿಂದ ಬಾರದ ಭಾಗ ಯಾವುದು, ಬಾರದ ಭಾಗವನ್ನು ಕಲಿಯಲು ವಿದ್ಯಾರ್ಥಿಗೆ ಎಂತಹ ಅವಕಾಶ ಒದಗಬೇಕು ಎಂಬ ವಿಚಾರವು ಅಷ್ಟೇ ಸ್ಪಷ್ಟವಾಗಿ ಚರ್ಚಿತವಾದಂತೆ ಕಾಣುವುದಿಲ್ಲ. ಬೀದರ, ಭಾಲ್ಕಿ, ಔರಾದ ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಈ ವಿಚಾರವನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ಪದಗಳ ವಿಷಯ. ಸಂಸ್ಕೃತದಲ್ಲಿ 'ಉದ್ಯಮ' ಎಂದರೆ ಪ್ರಯತ್ನ, ಮೇಲೆತ್ತುವಿಕೆ. ಕನ್ನಡದಲ್ಲಿ ಅದು ಕೈಗಾರಿಕೆ, ವ್ಯವಹಾರ ಎಂಬ ಅರ್ಥಕ್ಕೆ ಇಳಿದುಬಂದಿದೆ. ಅರ್ಥಶಾಸ್ತ್ರದಲ್ಲಿ ಉದ್ಯಮಿಯ ಕಲ್ಪನೆಗೆ ಎರಡು ಮುಖಗಳಿವೆ. ೧೯೧೧ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಜೋಸೆಫ್ ಶುಂಪೀಟರನು ಉದ್ಯಮಿಯನ್ನು ಹೊಸ ಸಂಯೋಜನೆಗಳ ಕರ್ತೃವೆಂದು ಕರೆದನು. ಹೊಸ ವಸ್ತು, ಹೊಸ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾಮಾಲಿನ ಹೊಸ ಮೂಲ, ಹೊಸ ಸಂಘಟನೆ—ಇವುಗಳಲ್ಲಿ ಯಾವುದನ್ನು ತಂದರೂ ಅದು ನಾವೀನ್ಯವೇ. ಹತ್ತು ವರ್ಷಗಳ ತರುವಾಯ, ೧೯೨೧ರಲ್ಲಿ, ಅಮೆರಿಕದ ಫ್ರಾಂಕ್ ನೈಟನು ಮತ್ತೊಂದು ಮುಖವನ್ನು ಎತ್ತಿತೋರಿದನು. ಲೆಕ್ಕಕ್ಕೆ ಸಿಕ್ಕುವ ಅಪಾಯ ಬೇರೆ, ಲೆಕ್ಕಕ್ಕೆ ಸಿಕ್ಕದ ಅನಿಶ್ಚಿತತೆ ಬೇರೆ. ಮೊದಲನೆಯದಕ್ಕೆ ವಿಮೆ ಉಂಟು, ಎರಡನೆಯದಕ್ಕೆ ಇಲ್ಲ. ಅದನ್ನು ಹೊತ್ತುಕೊಳ್ಳುವವನೇ ಉದ್ಯಮಿ, ಆ ಹೊರೆಗೆ ದೊರೆಯುವ ಫಲವೇ ಲಾಭ ಎಂಬುದು ಅವನ ವಾದದ ಸಾರ. ನಮ್ಮ ಪಠ್ಯಕ್ರಮಗಳು ಶುಂಪೀಟರನನ್ನು ಪ್ರೀತಿಯಿಂದ ಬರಮಾಡಿಕೊಂಡಿವೆ. ನೈಟನನ್ನು ಬಾಗಿಲ ಹೊರಗೇ ನಿಲ್ಲಿಸಿವೆ. ಈ ಮಾತನ್ನು ನಿದರ್ಶನಗಳಿಂದ ವಿಶದಪಡಿಸಬೇಕಾಗಿದೆ.

ಬೀದರ ಸೀಮೆಯಲ್ಲಿ ಉನ್ನತ ಶಿಕ್ಷಣದ ಸಂಸ್ಥೆಗಳಿಗೆ ಈಗ ಕೊರತೆಯಿಲ್ಲ. ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರವೇ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಒಂದು ಕಾಲೇಜು ಇಲ್ಲಿದೆ. ಕೃಷಿ ವಿಜ್ಞಾನ ಕೇಂದ್ರವೂ ಇದೆ. ೨೦೨೩ರಲ್ಲಿ ಬೀದರ ವಿಶ್ವವಿದ್ಯಾಲಯವೂ ಆರಂಭವಾಯಿತು. ಹೀಗಿದ್ದರೂ ಡಿ. ಎಂ. ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ಸಲ್ಲಿಸಿದ ವರದಿಯಲ್ಲಿ ಔರಾದ ಮತ್ತು ಭಾಲ್ಕಿ ತಾಲೂಕುಗಳು 'ಅತ್ಯಂತ ಹಿಂದುಳಿದ' ವರ್ಗದಲ್ಲಿ ಸೇರಿದ್ದುವು ಎಂಬುದನ್ನು ಮರೆಯಲಾಗದು. ಮಹಾರಾಷ್ಟ್ರದ ಗಡಿಗೆ ಸಮೀಪದ ಡಾಬಕಾದಂತಹ ಊರಿನಲ್ಲಿ ಪದವಿ ಪಡೆದ ತರುಣನ ಮುಂದೆ ಸಾಮಾನ್ಯವಾಗಿ ಕಾಣುವ ದಾರಿಗಳು ಹೈದರಾಬಾದಿನ ಬಸ್ಸು, ಪುಣೆಯ ಬಸ್ಸು, ಇಲ್ಲವೆ ಸರ್ಕಾರಿ ನೇಮಕಾತಿಯ ಅರ್ಜಿ. ನಾಲ್ಕನೆಯ ದಾರಿಯೊಂದು ಉಂಟೆ ಎಂಬುದೇ ಉದ್ಯಮಶೀಲತೆಯ ಶಿಕ್ಷಣದ ನಿಜವಾದ ಪರೀಕ್ಷೆ.

ಕೃಷಿ ಮತ್ತು ತೋಟಗಾರಿಕೆಯ ಪದವಿಗಳಲ್ಲಿ ಈ ದಿಕ್ಕಿನಲ್ಲಿ ನಡೆದಿರುವ ಪ್ರಯತ್ನ ಇತರ ವಿಭಾಗಗಳಿಗಿಂತ ಗಟ್ಟಿಯಾದುದು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ರೂಪಿಸಿದ 'ಸ್ಟೂಡೆಂಟ್ ರೆಡಿ' ಎಂಬ ಕಾರ್ಯಕ್ರಮ ೨೦೧೫ರ ಜುಲೈ ೨೫ರಂದು ಪಟ್ನಾದಲ್ಲಿ ಉದ್ಘಾಟಿತವಾಯಿತು. ಪದವಿಯ ಕೊನೆಯ ವರ್ಷವನ್ನು ಇದಕ್ಕೆ ಮೀಸಲಿಡಲಾಗಿದೆ. ಅನುಭವಮೂಲಕ ಕಲಿಕೆ, ಗ್ರಾಮೀಣ ಕೃಷಿ ಕಾರ್ಯಾನುಭವ, ಕಾರ್ಖಾನೆಯಲ್ಲಿ ತರಬೇತಿ, ಕೈಗೆಲಸದ ಕೌಶಲ, ವಿದ್ಯಾರ್ಥಿ ಯೋಜನೆ ಎಂಬ ಐದು ಅಂಗಗಳು ಅದರಲ್ಲಿವೆ. ಅನುಭವಮೂಲಕ ಕಲಿಕೆಯಲ್ಲಿ ವಿದ್ಯಾರ್ಥಿಗಳ ತಂಡವು ಒಂದು ಉತ್ಪನ್ನವನ್ನು ಆರಿಸಿಕೊಂಡು—ಅಣಬೆ, ಎರೆಗೊಬ್ಬರ, ಹಣ್ಣಿನ ಸಂಸ್ಕರಣ, ಸಸಿಗಳು—ಅದನ್ನು ತಯಾರಿಸಿ, ಮಾರಿ, ಲೆಕ್ಕವಿಟ್ಟು, ಲಾಭದಲ್ಲಿ ಒಂದು ಪಾಲನ್ನು ತಾನೇ ಪಡೆಯುತ್ತದೆ. ಇದು ಸಾಮಾನ್ಯ ಸಾಧನೆಯಲ್ಲ. ನಾಲ್ಕು ವರ್ಷ ಟಿಪ್ಪಣಿ ಬರೆದುಕೊಂಡ ಕೈ ಮೊದಲ ಬಾರಿಗೆ ತಕ್ಕಡಿ ಹಿಡಿಯುವುದು ಇಲ್ಲಿಯೇ.

ಆದರೂ ಇದರಲ್ಲಿ ಒಂದು ಕೊರತೆ ಉಳಿದುಕೊಂಡಿದೆ. ಅದನ್ನು ತಿಳಿಯಲು ಈ ಸೀಮೆಯ ಬೆಳೆಯಾದ ಸೋಯಾಬೀನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಕರ್ನಾಟಕದಲ್ಲಿ ಸೋಯಾಬೀನು ಹೆಚ್ಚಾಗಿ ಬೆಳೆಯುವ ಜಿಲ್ಲೆಗಳಲ್ಲಿ ಬೀದರವು ಮುಂಚೂಣಿಯಲ್ಲಿದೆ. ಮುಂಗಾರಿನ ಜೂನಿನಲ್ಲಿ ಬಿತ್ತಿ, ಸೆಪ್ಟೆಂಬರಿನ ಕೊನೆಗೆ ಅಥವಾ ಅಕ್ಟೋಬರಿನಲ್ಲಿ ರಾಶಿಮಾಡುತ್ತಾರೆ. ಕಾಳಿನ ತೂಕದಲ್ಲಿ ಶೇಕಡ ೪೦ರಷ್ಟು ಸಸಾರಜನಕ, ಶೇಕಡ ೨೦ರಷ್ಟು ಎಣ್ಣೆ. ಇಷ್ಟು ಸತ್ತ್ವವುಳ್ಳ ಧಾನ್ಯವು ಬೆಳೆದ ಊರಿನ ಅಡಿಗೆಮನೆಗೆ ಹೋಗುವುದು ಅಪರೂಪ; ಬಹುಮಟ್ಟಿಗೆ ಅದು ವ್ಯಾಪಾರಿಗಳ ಕೈಸೇರಿ ಎಣ್ಣೆಯ ಗಿರಣಿಗಳನ್ನು ಮುಟ್ಟುತ್ತದೆ. ಗಡಿಯಾಚೆಯ ಲಾತೂರು ಇದರ ದೊಡ್ಡ ಪೇಟೆ. ಊರಿನಲ್ಲಿಯೇ ಇದನ್ನು ಹಾಲಾಗಿ, ಪನೀರಾಗಿ ಮಾಡಿ ಮಾರಬಾರದೇಕೆ ಎಂಬ ಯೋಚನೆ ಯಾವ ವಿದ್ಯಾರ್ಥಿಗಾದರೂ ಹೊಳೆಯುವಂತಹುದು.

ಇಲ್ಲಿ ವಿಶ್ವವಿದ್ಯಾನಿಲಯವು ಕಲಿಸಬಲ್ಲ ಭಾಗ ಬಹಳ ದೊಡ್ಡದು. ಸೋಯಾ ಕಾಳನ್ನು ನೆನೆಸಿ ತಣ್ಣೀರಿನಲ್ಲಿ ರುಬ್ಬಿದರೆ ಹಸಿ ವಾಸನೆಯೊಂದು ಹುಟ್ಟಿ ಜನ ಮುಖ ತಿರುವುತ್ತಾರೆ. ಕಾಳು ಒಡೆದ ಕ್ಷಣದಲ್ಲಿ ಲೈಪಾಕ್ಸಿಜನೇಸ್ ಎಂಬ ಕಿಣ್ವವು ನೀರು ಗಾಳಿಗಳ ಸಂಪರ್ಕದಲ್ಲಿ ಎಣ್ಣೆಯ ಮೇಲೆ ವರ್ತಿಸುವುದೇ ಇದಕ್ಕೆ ಕಾರಣ. ೮೦ ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು ಬಿಸಿಯಾದ ನೀರಿನಲ್ಲಿ ರುಬ್ಬಿದರೆ ಕಿಣ್ವವು ಕೆಲಸಮಾಡುವ ಮೊದಲೇ ನಾಶವಾಗುತ್ತದೆ. ಜೀರ್ಣಕ್ಕೆ ಅಡ್ಡಿಮಾಡುವ ಟ್ರಿಪ್ಸಿನ್ ನಿರೋಧಕವೆಂಬ ಅಂಶವೂ ಹಸಿ ಕಾಳಿನಲ್ಲಿದ್ದು, ಚೆನ್ನಾಗಿ ಕುದಿಸುವುದರಿಂದ ಅದು ತಗ್ಗುತ್ತದೆ. ಒಂದು ಕಿಲೋ ಕಾಳಿನಿಂದ ಸುಮಾರು ಆರರಿಂದ ಎಂಟು ಲೀಟರು ಹಾಲನ್ನೂ, ಅದನ್ನು ಒಡೆಸಿದರೆ ಒಂದೂವರೆ ಕಿಲೋ ಆಸುಪಾಸು ಪನೀರನ್ನೂ ಪಡೆಯಬಹುದು. ಭೋಪಾಲಿನ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯು ಈ ಸಂಸ್ಕರಣದಲ್ಲಿ ತರಬೇತಿ ಕೊಟ್ಟು ಅನೇಕರನ್ನು ಸಿದ್ಧಗೊಳಿಸಿದೆ. ಮನೆಯಲ್ಲಿ ಹತ್ತು ಸಲ ಕೆಡಿಸಿ ಕಂಡುಕೊಳ್ಳಬೇಕಾದುದನ್ನು ಪ್ರಯೋಗಾಲಯವು ಒಂದು ಮಧ್ಯಾಹ್ನದಲ್ಲಿ ತೋರಿಸಿಕೊಡುತ್ತದೆ. ವಿದ್ಯೆಯ ಬೆಲೆಯನ್ನು ಅಲ್ಲಗಳೆಯುವವರು ಇದನ್ನು ಗಮನಿಸಬೇಕು.

ಕಾನೂನೂ ಅಷ್ಟೆ. ವಿದ್ಯಾರ್ಥಿಯು ಸೀಸೆಯ ಮೇಲೆ 'ಸೋಯಾ ಹಾಲು' ಎಂದು ಅಂದವಾಗಿ ಅಚ್ಚುಹಾಕಿಸಿದನೆನ್ನೋಣ. ಸಸ್ಯಮೂಲದ ಪೇಯಗಳನ್ನು ಹೈನಿನ ಹೆಸರುಗಳಿಂದ ಮಾರಕೂಡದೆಂದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ೨೦೨೧ರಲ್ಲಿ ಆಜ್ಞೆ ಹೊರಡಿಸಿತು. ನಾಲಗೆಗೆ ಹಾಲಾದುದು ಕಾನೂನಿಗೆ ಪೇಯ. ಅಚ್ಚಾದ ಚೀಟಿಗಳು ವ್ಯರ್ಥವಾಗುವ ಮುನ್ನ ಇದನ್ನು ತಿಳಿಸುವುದು ಅಧ್ಯಾಪಕರ ಕೈಯಲ್ಲಿದೆ.

ಇನ್ನು ಪಾಠಕ್ಕೆ ಸುಲಭವಾಗಿ ಒಗ್ಗದ ಭಾಗಕ್ಕೆ ಬರೋಣ. ಈ ಕೆಳಗಿನ ಅಂಕಿಗಳು ವಿವರಣೆಗಾಗಿ ನಾವು ಕಲ್ಪಿಸಿಕೊಂಡವು. ಡಾಬಕಾದಲ್ಲಿ ಒಬ್ಬ ಪದವೀಧರನು ದಿನಕ್ಕೆ ಹತ್ತು ಕಿಲೋ ಕಾಳಿನಿಂದ ಹದಿನೈದು ಕಿಲೋ ಪನೀರನ್ನು ತಯಾರಿಸುತ್ತಾನೆ. ಕಾಳಿನ ಬೆಲೆ ಕಿಲೋವಿಗೆ ೫೦ ರೂಪಾಯಿಯಂತೆ ೫೦೦ ರೂಪಾಯಿ. ಇಂಧನ, ಕೂಲಿ, ಪೊಟ್ಟಣ, ಸಾಗಣೆಗಳಿಗೆ ೧,೦೦೦ ರೂಪಾಯಿ. ಪನೀರನ್ನು ೧೫೦ ರೂಪಾಯಿಯಂತೆ ಮಾರಿದರೆ ೨,೨೫೦ ರೂಪಾಯಿ ಬರುತ್ತದೆ. ದಿನಕ್ಕೆ ೭೫೦ ರೂಪಾಯಿ ಉಳಿತಾಯ. ಯೋಜನಾವರದಿಯು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ, ಒಳ್ಳೆಯ ಅಂಕಗಳೂ ಬರುತ್ತವೆ.

ಆದರೆ ಪನೀರು ಕೆಡುವ ವಸ್ತು. ಹದಿನೈದರಲ್ಲಿ ಮೂರು ಕಿಲೋ ಮಾರಾಟವಾಗದೆ ಕೆಟ್ಟಿತೆನ್ನಿ. ಬರುವ ಹಣ ೧,೮೦೦ ರೂಪಾಯಿಗೆ ಇಳಿಯುತ್ತದೆ, ವೆಚ್ಚ ಇಳಿಯುವುದಿಲ್ಲ. ಉಳಿತಾಯ ೩೦೦ ರೂಪಾಯಿ. ಐದರಲ್ಲೊಂದು ಪಾಲು ಸರಕು ಕೆಟ್ಟರೆ ಲಾಭದ ಐದರಲ್ಲಿ ಮೂರು ಪಾಲು ಹೋಗುತ್ತದೆ! ಅಂಗಡಿಯವನು ಉದ್ದರಿ ಹೇಳಿ ಒಂದು ತಿಂಗಳ ಮೇಲೆ ಹಣ ಕೊಡುವುದಾದರೆ ಮೊದಲ ರೂಪಾಯಿ ಕೈಗೆ ಬರುವ ಮೊದಲು ೪೫,೦೦೦ ರೂಪಾಯಿ ಹೊರಗೆ ಹೋಗಿರುತ್ತದೆ. ಸುಗ್ಗಿಯಲ್ಲಿ ಅಗ್ಗವಾಗಿರುವಾಗ ವರ್ಷಕ್ಕಾಗುವಷ್ಟು ಕಾಳನ್ನು, ಮುನ್ನೂರು ದಿನಗಳ ಕೆಲಸಕ್ಕೆ ಮೂವತ್ತು ಕ್ವಿಂಟಲನ್ನು, ಕೊಂಡಿಡೋಣವೆಂದರೆ ಅದಕ್ಕೇ ಒಂದೂವರೆ ಲಕ್ಷ ಬೇಕು. ಉದ್ದರಿಯಲ್ಲಿ ಸಿಕ್ಕಿಕೊಳ್ಳುವ ಇತರ ವೆಚ್ಚದ ಮೂವತ್ತು ಸಾವಿರವೂ ಸೇರಿದರೆ ಒಂದು ಲಕ್ಷ ಎಂಬತ್ತು ಸಾವಿರ. ಯಂತ್ರದ ಮಾತನ್ನು ನಾವು ಇನ್ನೂ ಎತ್ತಿಯೇ ಇಲ್ಲ. ಲಾಭವಿದ್ದೂ ಅಂಗಡಿ ಮುಚ್ಚುವುದು ಹೀಗೆ: ಲೆಕ್ಕದಲ್ಲಿ ಹಣವಿದೆ, ಪೆಟ್ಟಿಗೆಯಲ್ಲಿಲ್ಲ.

ಈ ಗುಣಾಕಾರವನ್ನು ತರಗತಿಯಲ್ಲಿ ಮಾಡಿಸಬಹುದು. ನಾವೂ ಇಲ್ಲಿ ಮಾಡಿದ್ದೇವೆ. ಅಂಗಡಿಯವನಿಗೆ 'ಉದ್ದರಿ ಇಲ್ಲ' ಎಂದು ಹೇಳಬೇಕೆ, ಹೇಳಿದರೆ ಗಿರಾಕಿ ತಪ್ಪುವನೆ, ಯಾರ ಮಾತನ್ನು ನಂಬಬಹುದು, ಎಷ್ಟು ದಿನ ಕಾಯಬಹುದು ಎಂಬ ನಿರ್ಣಯವನ್ನು ಮಾತ್ರ ತರಗತಿಯಲ್ಲಿ ಮಾಡಿಸಲಾಗದು. ಸ್ವಂತ ಹಣ ಸಿಕ್ಕಿಕೊಂಡಿರುವಾಗ ಮಾತ್ರ ಈ ವಿವೇಕ ಹುಟ್ಟುತ್ತದೆ. ನೈಟನು ಹೇಳಿದ ಅನಿಶ್ಚಿತತೆ ಇದೇ. 'ಸ್ಟೂಡೆಂಟ್ ರೆಡಿ'ಯಲ್ಲಿ ದುಡಿಯುವ ಬಂಡವಾಳ ಸಂಸ್ಥೆಯದು. ಜಾಗ, ಯಂತ್ರ, ನೀರು, ವಿದ್ಯುತ್ತು ಸಂಸ್ಥೆಯವು. ಗಿರಾಕಿಗಳಲ್ಲಿ ಬಹುಮಂದಿ ಅದೇ ಆವರಣದ ಅಧ್ಯಾಪಕರು, ಸಿಬ್ಬಂದಿಯವರು. ಶಿಷ್ಯನು ಮಾಡಿದ ಜಾಮನ್ನು ಗುರುವು ಚೌಕಾಸಿ ಮಾಡದೆ ಕೊಳ್ಳುತ್ತಾನೆ, ರೊಕ್ಕವನ್ನೂ ಕೂಡಲೆ ಕೊಡುತ್ತಾನೆ. ಸೌಜನ್ಯದ ದೃಷ್ಟಿಯಿಂದ ಇದು ಸರಿ, ಶಿಕ್ಷಣದ ದೃಷ್ಟಿಯಿಂದ ನಷ್ಟ. ಸೆಮಿಸ್ಟರು ಮುಗಿದೊಡನೆ ಅಂಗಡಿಯೂ ಮುಗಿಯುತ್ತದೆ. ವರ್ಷದ ಸುಗ್ಗಿ, ಬೇಸಗೆ, ಮಳೆಗಾಲಗಳ ಒಂದು ಪೂರ್ಣ ಚಕ್ರವನ್ನು ವಿದ್ಯಾರ್ಥಿಯು ಕಾಣುವುದಿಲ್ಲ.

ಪಾಠಶಾಲೆಯ ಹೊರಗೆ ಉದ್ಯಮವನ್ನು ಕಲಿಸುತ್ತಿದ್ದ ಕ್ರಮವೊಂದು ಬೀದರದಲ್ಲಿಯೇ ಇದೆ. ಬಹಮನಿಯರ ಕಾಲದಿಂದ ಬಂದ ಬಿದರಿ ಕೆಲಸದಲ್ಲಿ ಸತುವು ಹೆಚ್ಚಾಗಿ, ತಾಮ್ರವು ಸ್ವಲ್ಪವಾಗಿ ಸೇರಿದ ಮಿಶ್ರಲೋಹವನ್ನು ಎರಕಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಬೆಳ್ಳಿಯ ತಂತಿಯನ್ನು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿದ ನೀರಿನಲ್ಲಿ ಅದ್ದಿದಾಗ ಲೋಹವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಲ್ಲಿ ಕಲಿಯುವ ಹುಡುಗನು ಅಭ್ಯಾಸದ ವಸ್ತುವನ್ನಲ್ಲ, ಮಾರಾಟಕ್ಕೆ ಹೋಗುವ ವಸ್ತುವನ್ನೇ ಮುಟ್ಟುತ್ತಾನೆ. ಉಳಿ ಜಾರಿದರೆ ಹಾಳಾಗುವುದು ನಿಜವಾದ ಸರಕು. ಇಂತಹ ಕಾರ್ಖಾನೆಗಳು ಹಳೆಯದನ್ನೇ ಒಪ್ಪಿಸುತ್ತವೆ, ಹೊಸದನ್ನು ಕಲಿಸುವುದಿಲ್ಲ ಎಂಬ ಆಕ್ಷೇಪವುಂಟು. ಅದು ಪೂರ್ಣವಾಗಿ ನಿಜವಲ್ಲ. ಹುಕ್ಕದ ಬುರುಡೆ, ಪಾನದಾನುಗಳ ಕಾಲ ಹೋದ ಮೇಲೆ ಇದೇ ಕುಶಲಕರ್ಮಿಗಳು ಹೂದಾನಿ, ಆಭರಣದ ಪೆಟ್ಟಿಗೆ, ಲೇಖನಿಯ ಹಿಡಿಕೆಗಳಿಗೆ ಕೈಯನ್ನು ತಿರುಗಿಸಿಕೊಂಡರು. ಶುಂಪೀಟರನ ಹೊಸ ಸಂಯೋಜನೆಗೆ ಇದಕ್ಕಿಂತ ಹತ್ತಿರದ ಉದಾಹರಣೆಯನ್ನು ಬೀದರದ ಅಧ್ಯಾಪಕರು ಹುಡುಕಬೇಕಾಗಿಲ್ಲ. ೨೦೦೬ರಲ್ಲಿ ಬಿದರಿಗೆ ಭೌಗೋಳಿಕ ಸೂಚಿಯ ರಕ್ಷಣೆ ದೊರೆಯಿತು. ೨೦೨೩ರಲ್ಲಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿತು. ಆದರೆ ಈ ಕ್ರಮದಲ್ಲಿ ಲೋಹವಿಜ್ಞಾನವಾಗಲಿ ದೂರದ ಮಾರುಕಟ್ಟೆಯ ವ್ಯವಹಾರವಾಗಲಿ ಹುಡುಗನಿಗೆ ದೊರೆಯುವುದಿಲ್ಲವೆಂಬುದನ್ನೂ ಒಪ್ಪಬೇಕು. ಅಲ್ಲಿ ವಿದ್ಯಾಪೀಠವು ಸಹಾಯಕ್ಕೆ ಬರಬೇಕಾದುದು.

ಅನುಭವದ ಕೊರತೆ ವಿದ್ಯಾರ್ಥಿಗಳಿಗೆ ಮಾತ್ರವೆಂದು ತಿಳಿಯಬಾರದು. ಶ್ರೇಷ್ಠ ಪ್ರಾಧ್ಯಾಪಕರೂ ಮಾರುಕಟ್ಟೆಯಲ್ಲಿ ಹೊಸದಾಗಿ ವಿದ್ಯಾರ್ಥಿಗಳಾಗಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಎಂಬ ನಾಲ್ವರು ಪ್ರಾಧ್ಯಾಪಕರು ಸಿಂಪ್ಯೂಟರ್ ಎಂಬ ಅಗ್ಗದ ಕೈಗಣಕದ ವಿನ್ಯಾಸದಲ್ಲಿ ಪಾಲ್ಗೊಂಡರು. ೧೯೯೯ರಲ್ಲಿ ಅದಕ್ಕಾಗಿ ಒಂದು ನ್ಯಾಸವೂ, ೨೦೦೧ರಲ್ಲಿ ಪಿಕೋಪೇಟಾ ಎಂಬ ಕಂಪನಿಯೂ ಸ್ಥಾಪಿತವಾದುವು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಲ್ಲಿ ಅದು ಪೇಟೆಗೆ ಬಂದಿತು. ಅಕ್ಷರ ಬಾರದವರೂ ಬಳಸಬಹುದಾದ, ಹಳ್ಳಿಯವರು ಹಂಚಿಕೊಂಡು ಬಳಸಬಹುದಾದ ಯಂತ್ರವೆಂದು ಲೋಕವೆಲ್ಲ ಹೊಗಳಿತು. ಮಾರಾಟವಾದುದು ಮಾತ್ರ ಕೆಲವು ಸಾವಿರಗಳಷ್ಟೆ. ಅಷ್ಟರಲ್ಲಿ ಮೊಬೈಲ್ ದೂರವಾಣಿಯು ಹಳ್ಳಿಗೆ ಬೇರೊಂದು ದಾರಿಯಿಂದ ಬಂದುಬಿಟ್ಟಿತ್ತು. ಇದೇ ನಾಲ್ವರು ೨೦೦೦ದಲ್ಲಿ ಆರಂಭಿಸಿದ ಸ್ಟ್ರಾಂಡ್ ಎಂಬ ಸಂಸ್ಥೆಯ ಕಥೆ ಬೇರೆ. ಜೀವಮಾಹಿತಿಯ ತಂತ್ರಾಂಶದಿಂದ ಹೊರಟು, ಕೊಳ್ಳುವವರನ್ನು ನೋಡಿಕೊಂಡು ತಳಿಪರೀಕ್ಷೆಯ ಕಡೆಗೆ ತಿರುಗಿ ಅದು ಬಾಳಿತು. ೨೦೨೧ರಲ್ಲಿ ರಿಲಯನ್ಸ್ ಸಮೂಹವು ಅದರ ಬಹುಪಾಲನ್ನು ಕೊಂಡಿತು. ಒಂದೇ ವಿದ್ವತ್ತು, ಬಹುಮಟ್ಟಿಗೆ ಒಂದೇ ಕಾಲ, ಎರಡು ಫಲ. ಸಿಂಪ್ಯೂಟರಿನ ಪಾಠವನ್ನು ಯಾವ ಗ್ರಂಥವೂ ಅವರಿಗೆ ಮುಂಚಿತವಾಗಿ ಹೇಳಲಾರದಾಗಿತ್ತು.

ಪ್ರಾಧ್ಯಾಪಕರಿಗೆ ಸೋಲಿನ ತರುವಾಯವೂ ಸಂಬಳದ ಕುರ್ಚಿಯೊಂದು ಉಳಿದಿರುತ್ತದೆ. ಔರಾದ ಸೀಮೆಯ ಒಕ್ಕಲಿನ ಮನೆಯಿಂದ ಬಂದವನಿಗೆ ಆ ಆಸರೆಯಿಲ್ಲ. ಆದುದರಿಂದ ನಷ್ಟವನ್ನು ಅನುಭವಿಸಲು ಬಿಡಬೇಕು, ಆದರೆ ಅದು ಅವನ ಮನೆಯ ಹೊಲವನ್ನು ನುಂಗದಷ್ಟಿರಬೇಕು. ಈ ಎರಡನ್ನೂ ಹೊಂದಿಸಿದ ಪ್ರಯೋಗವು ವಿಶ್ವವಿದ್ಯಾನಿಲಯದ ಹೊರಗೆ ನಡೆದಿದೆ ಎಂಬುದು ಗಮನಾರ್ಹ. ೧೯೮೨ರಲ್ಲಿ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಕೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯಲ್ಲಿ ತರಬೇತಿಯ ಅವಧಿ ಕೆಲವೇ ವಾರಗಳು. ಅದರ ಮೇಲಣ ಮಾರ್ಗದರ್ಶನ ಎರಡು ವರ್ಷ. ಮುಂದೆ ಕೇಂದ್ರ ಸರ್ಕಾರವು ಇದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದರಂತೆ ಇಂತಹ ಸಂಸ್ಥೆಗಳನ್ನು ಏರ್ಪಡಿಸಿತು. ನಮ್ಮ ಪದವಿಗಳಲ್ಲಿ ಈ ಪ್ರಮಾಣವು ತಲೆಕೆಳಗಾಗಿದೆ: ಬೋಧನೆ ನಾಲ್ಕು ವರ್ಷ, ಅನಂತರದ ವಿಚಾರಣೆ ಇಲ್ಲವೇ ಇಲ್ಲವೆನ್ನುವಷ್ಟು. ಕೃಷಿ ಪದವೀಧರರಿಗೆಂದು ೨೦೦೨ರಲ್ಲಿ ಹೊರಟ ಕೃಷಿ ಚಿಕಿತ್ಸಾಲಯ ಹಾಗೂ ಕೃಷಿ ವ್ಯವಹಾರ ಕೇಂದ್ರಗಳ ಯೋಜನೆ ತರಬೇತಿಯ ಜೊತೆಗೆ ಕೈಹಿಡಿದು ನಡೆಸುವುದನ್ನೂ ಸೇರಿಸಿಕೊಂಡಿತು ನಿಜ; ಆದರೆ ಅದು ಪದವಿಯ ಹೊರಗಣ ಏರ್ಪಾಡು.

ಪದವಿಯ ಒಳಗೆ ಏನು ಮಾಡಬಹುದು? ನಿಯಮಗಳು ನಾವು ತಿಳಿದಷ್ಟು ಬಿಗಿಯಾಗಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯವು ೨೦೧೯ರಲ್ಲಿ ಪ್ರಕಟಿಸಿದ ನಾವೀನ್ಯ ಮತ್ತು ನವೋದ್ಯಮ ನೀತಿಯು, ಸ್ವಂತ ಉದ್ಯಮ ನಡೆಸುವ ವಿದ್ಯಾರ್ಥಿಗೆ ಹಾಜರಾತಿಯಲ್ಲಿ ವಿನಾಯಿತಿ ಕೊಡುವುದಕ್ಕೂ, ವ್ಯಾಸಂಗವನ್ನು ಕೆಲಕಾಲ ನಿಲ್ಲಿಸಿ ಮತ್ತೆ ಮುಂದುವರಿಸಲು ಬಿಡುವುದಕ್ಕೂ ಅವಕಾಶ ಕಲ್ಪಿಸಿದೆ. ಸುಗ್ಗಿಯಿಂದ ಸುಗ್ಗಿಯವರೆಗೆ ಒಂದು ವರ್ಷದ ಬಿಡುವನ್ನು ಬೇಡುವ ವಿದ್ಯಾರ್ಥಿಗೆ ಅದನ್ನು ಕೊಡಲು ಕಾಲೇಜುಗಳು ಹಿಂಜರಿಯಬೇಕಾಗಿಲ್ಲ. ಬಂಡವಾಳದ ಪ್ರಶ್ನೆ ಇದಕ್ಕಿಂತ ಕಠಿಣವಾದುದು, ಅಲ್ಲಿ ಒಂದು ಸೂಕ್ಷ್ಮವಿದೆ. ೨೦೨೦ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣ ಉದ್ಯಮಗಳ ಪ್ರಧಾನಮಂತ್ರಿ ಯೋಜನೆಯಲ್ಲಿ ಒಂಟಿ ಉದ್ಯಮಿಗೆ ವಿಧಿಸಿದ್ದ ಸಹಾಯವು ಯೋಜನಾವೆಚ್ಚದ ಶೇಕಡ ೩೫, ಗರಿಷ್ಠ ಹತ್ತು ಲಕ್ಷ ರೂಪಾಯಿ, ಅದೂ ಬ್ಯಾಂಕಿನ ಸಾಲಕ್ಕೆ ಜೋಡಣೆಯಾಗಿ. ಯಂತ್ರ ಕೊಳ್ಳಲು ಇದು ಒಳ್ಳೆಯದು. ಉದ್ದರಿಯಲ್ಲಿ ಸಿಕ್ಕಿಕೊಂಡ ಹಣಕ್ಕೆ ಇದರಿಂದ ಪರಿಹಾರವಿಲ್ಲ. ಅದೇ ಯೋಜನೆಯಲ್ಲಿ ಆಹಾರ ಸಂಸ್ಕರಣದಲ್ಲಿ ತೊಡಗಿದ ಸ್ವಸಹಾಯ ಸಂಘದ ಸದಸ್ಯರಿಗೆ ತಲಾ ೪೦,೦೦೦ ರೂಪಾಯಿಗಳವರೆಗೆ ಬೀಜಧನವನ್ನು ಗೊತ್ತುಪಡಿಸಲಾಗಿತ್ತು, ಅದು ದುಡಿಯುವ ಬಂಡವಾಳಕ್ಕೂ ಚಿಕ್ಕ ಉಪಕರಣಗಳಿಗೂ ಸಲ್ಲುತ್ತಿತ್ತು.

ಅಂದರೆ ಪದವೀಧರನಲ್ಲಿ ವಿದ್ಯೆಯಿದೆ, ಬಂಡವಾಳವಿಲ್ಲ. ಊರಿನ ಮಹಿಳೆಯರ ಸಂಘದಲ್ಲಿ ಬಂಡವಾಳಕ್ಕೆ ದಾರಿಯಿದೆ, ಕಿಣ್ವದ ವಿದ್ಯೆಯಿಲ್ಲ. ಸ್ವಸಹಾಯ ಸಂಘಗಳ ವಿಷಯದಲ್ಲಿ ಬೀದರ ಜಿಲ್ಲೆ ಹಿಂದುಳಿದುದಲ್ಲ; ಇಲ್ಲಿಯ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಗುರುಪಾದಪ್ಪ ನಾಗಮಾರಪಳ್ಳಿಯವರ ಕಾಲದಲ್ಲಿ ಸಂಘಗಳಿಗೆ ಸಾಲ ಜೋಡಿಸುವ ಕೆಲಸದಲ್ಲಿ ಹೊರಗಿನವರೂ ಬಂದು ಅಭ್ಯಸಿಸುವಂತಹ ಹೆಸರು ಪಡೆಯಿತು. ಉದ್ದರಿಯನ್ನು ಯಾರಿಗೆ ಕೊಡಬಹುದು, ಯಾರಿಗೆ ಕೊಡಬಾರದು ಎಂಬುದನ್ನು ವಾರವಾರವೂ ಕೂತು ತೀರ್ಮಾನಿಸಿದ ಅನುಭವ ಆ ಹೆಂಗಸರದು. ಕೊನೆಯ ವರ್ಷದ ವಿದ್ಯಾರ್ಥಿಗಳ ಒಂದು ತಂಡವನ್ನು ಕಾಲೇಜಿನ ಆವರಣದ ಮಾರಾಟಕಟ್ಟೆಗೆ ಬದಲಾಗಿ ಡಾಬಕಾದ ಅಥವಾ ಭಾಲ್ಕಿಯ ಒಂದು ಸಂಘದೊಡನೆ ಪಾಲುಗಾರಿಕೆಯಲ್ಲಿ ನಿಲ್ಲಿಸಬಹುದು. ಕನ್ನಡ, ಮರಾಠಿ, ದಖನಿಗಳ ನಡುವೆ ವ್ಯವಹರಿಸುವ ಸಂತೆಯಲ್ಲಿ ಮಾರಿದಾಗ ಬೆಲೆ ಎಂಬುದು ಏನೆಂದು ಅವರಿಗೆ ತಿಳಿಯುತ್ತದೆ. ತಂಡದ ಒಬ್ಬೊಬ್ಬರೂ ತಮ್ಮ ತಿಂಗಳ ವಿದ್ಯಾರ್ಥಿವೇತನದಿಂದ ಒಂದು ಚಿಕ್ಕ ಮೊತ್ತವನ್ನು ಪಾಲಾಗಿ ಹೂಡಬೇಕು. ನಷ್ಟವಾದರೆ ಅಷ್ಟಕ್ಕೇ ನಿಲ್ಲಬೇಕು.

ಇಂತಹ ಏರ್ಪಾಡಿಗೆ ಮೊದಲ ಅಡ್ಡಿ ಬರುವುದು ನಮ್ಮ ಅಂಕಪದ್ಧತಿಯಿಂದ ಎಂದು ತೋರುತ್ತದೆ. ಲಾಭ ತೋರಿಸಿದ ವರದಿಗೆ ಹೆಚ್ಚು ಅಂಕ ಕೊಡುವ ರೂಢಿಯಿರುವವರೆಗೆ ವಿದ್ಯಾರ್ಥಿಯು ಲಾಭವನ್ನೇ ಬರೆದು ತರುತ್ತಾನೆ. ಕೆಟ್ಟ ಮೂರು ಕಿಲೋ ಪನೀರು ವರದಿಯಲ್ಲಿ ಕಾಣುವುದಿಲ್ಲ. ವರದಿಯ ಬದಲು ದಿನವಹಿ ಪುಸ್ತಕವನ್ನು ಪರೀಕ್ಷಿಸಬಹುದು. ಯಾವ ದಿನ ಎಷ್ಟು ಕೆಟ್ಟಿತು, ಯಾರಿಂದ ಎಷ್ಟು ಬಾಕಿ, ಬಾಕಿ ಬಾರದಿದ್ದಾಗ ಏನು ಬದಲಾವಣೆ ಮಾಡಲಾಯಿತು ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ದೊರೆತರೆ, ತಂಡವು ವರ್ಷದ ಕೊನೆಗೆ ನಷ್ಟದಲ್ಲಿದ್ದರೂ ಪೂರ್ಣಾಂಕ ಕೊಡಲು ಪರೀಕ್ಷಕನಿಗೆ ಸ್ವಾತಂತ್ರ್ಯವಿರಬೇಕು. ಪುಸ್ತಕವು ಪರೀಕ್ಷೆಯ ತರುವಾಯ ಇಲಾಖೆಯ ಕಪಾಟಿಗೆ ಹೋಗದೆ ಸಂಘದಲ್ಲಿಯೇ ಉಳಿಯತಕ್ಕದ್ದು. ಮುಂದಿನ ಅಕ್ಟೋಬರಿನಲ್ಲಿ ಕಾಳು ಕೊಳ್ಳುವವರಿಗೆ ಅದು ಬೇಕಾಗುತ್ತದೆ.